ಆಸ್ಪಿರಿನ್ ಗುಳಿಗೆಯೂ ಕರುಳಿನ ಕ್ಯಾನ್ಸರೂ

ತಲೆನೋವಿಗೆಂದು ಔಷಧದ ಅಂಗಡಿಯಲ್ಲಿ ಚಿಲ್ಲರೆ ಹಣಕ್ಕೆ ದೊರೆಯುವ ಆಸ್ಪಿರಿನ್ ಗುಳಿಗೆಯು ದೊಡ್ಡ ಕರುಳಿನ ಕ್ಯಾನ್ಸರನ್ನು ತಡೆಯಬಲ್ಲದೆಂಬ ಸಮಾಚಾರವು 2024ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಅಮೆರಿಕೆಯಿಂದ ಹೊರಟು ಜಗತ್ತನ್ನು ಸುತ್ತಿತು. ಅದೂ ಎಂತಹ ಒಕ್ಕಣೆಯೊಡನೆ! ಧೂಮಪಾನ, ಮದ್ಯಪಾನ, ಬೊಜ್ಜು, ಆಲಸ್ಯ ಇವುಗಳಿಗೆ ಒಳಗಾಗಿರುವವರಿಗೇ ಈ ಗುಳಿಗೆಯಿಂದ ಅತ್ಯಧಿಕವಾದ ಲಾಭವೆಂದು. ಇಂತಹ ಸಮಾಚಾರಗಳಿಗೆ ಮುಪ್ಪೆಂಬುದಿಲ್ಲ. ಒಬ್ಬರ ಬಾಯಿಂದ ಮತ್ತೊಬ್ಬರ ಕಿವಿಗೆ ಬೀಳುತ್ತ ಬೀಳುತ್ತ ಅದರಲ್ಲಿದ್ದ ಷರತ್ತುಗಳೆಲ್ಲ ಉದುರಿಹೋಗಿ, 'ಬೇಕಾದುದನ್ನು ತಿಂದು ಕುಡಿದು ಮೇಲೊಂದು ಗುಳಿಗೆ ನುಂಗಿದರಾಯಿತು' ಎಂಬ ತಿರುಳಷ್ಟೇ ಉಳಿದುಬಿಡುವುದು. ಸಂಶೋಧನೆಯನ್ನು ಮಾಡಿದ ವೈದ್ಯರು ಹೇಳಿದ್ದು ಇದಲ್ಲ. ಅವರು ಕಂಡು ಬರೆದಿಟ್ಟ ಅಂಕೆಗಳನ್ನು ಸಾವಧಾನವಾಗಿ ಓದಿದವರಿಗೆ ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದ ಅರ್ಥವೇ ಹೊರಡುವುದಾದ್ದರಿಂದ, ಆ ಅಂಕೆಗಳನ್ನು ನಮ್ಮ ವಾಚಕರ ಮುಂದೆ ಇಡುವುದು ಅವಶ್ಯವೆಂದು ತೋರುತ್ತದೆ.

ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ವೈದ್ಯರೂ ಅವರ ಸಂಗಡಿಗರೂ ಅಮೆರಿಕೆಯ ದಾದಿಯರು, ದಂತವೈದ್ಯರು, ಔಷಧ ತಜ್ಞರು, ಪಶುವೈದ್ಯರು ಮುಂತಾದ 1,07,655 ಜನರ ಜೀವನವನ್ನು 1980ರ ದಶಕದಿಂದ ಮೊದಲ್ಗೊಂಡು ಹಲವು ವರ್ಷಗಳ ಪರ್ಯಂತ ಗಮನಿಸಿದರು. ಪ್ರತಿಯೊಬ್ಬರಿಗೂ ಐದು ವಿಷಯಗಳಲ್ಲಿ ಅಂಕಗಳನ್ನು ಕೊಟ್ಟರು: ದೇಹದ ತೂಕ, ತಂಬಾಕು, ಮದ್ಯ, ದೇಹಶ್ರಮ ಮತ್ತು ಆಹಾರ. ಬಳಿಕ ವಾರಕ್ಕೆ 325 ಮಿಲಿಗ್ರಾಮಿನ ಎರಡು ಅಥವಾ ಹೆಚ್ಚು ಆಸ್ಪಿರಿನ್ ಗುಳಿಗೆಗಳನ್ನಾಗಲಿ, ದಿನವೂ ಕಡಮೆ ಪ್ರಮಾಣದ ಗುಳಿಗೆಯೊಂದನ್ನಾಗಲಿ ಸೇವಿಸುವವರನ್ನು ಒಂದು ಕಡೆಗೂ, ಸೇವಿಸದವರನ್ನು ಇನ್ನೊಂದು ಕಡೆಗೂ ಇಟ್ಟು ಎಣಿಕೆ ಹಾಕಿದರು. ಐದು ವಿಷಯಗಳಲ್ಲಿಯೂ ತೀರ ಹಿಂದೆ ಬಿದ್ದಿದ್ದ, ಗುಳಿಗೆಯನ್ನೂ ಸೇವಿಸದ ಸಾವಿರ ಜನರಲ್ಲಿ 10 ವರ್ಷಗಳೊಳಗೆ ಸುಮಾರು 34 ಮಂದಿಗೆ ದೊಡ್ಡ ಕರುಳಿನ ಅಥವಾ ಗುದನಾಳದ ಕ್ಯಾನ್ಸರು ತಗಲುತ್ತಿತ್ತು. ಅಂತಹವರೇ ಗುಳಿಗೆಯನ್ನು ಸೇವಿಸುತ್ತಿದ್ದರೆ ಆ ಸಂಖ್ಯೆಯು 21ಕ್ಕೆ ಇಳಿಯುತ್ತಿತ್ತು. ಐದರಲ್ಲಿಯೂ ಮುಂದಿದ್ದವರಲ್ಲಿಯಾದರೋ ಗುಳಿಗೆ ಸೇವಿಸದವರು ಸಾವಿರಕ್ಕೆ 16, ಸೇವಿಸಿದವರು 15.

34ರಿಂದ 21ಕ್ಕೆ ಇಳಿದದ್ದು ಅಲ್ಪಲಾಭವಲ್ಲವೆಂಬುದನ್ನು ಒಪ್ಪಿಕೊಳ್ಳತಕ್ಕದ್ದೇ. ಸಮಾಚಾರವಾಗಿ ಹಬ್ಬಿದ್ದೂ ಈ ಇಳಿತವೇ. ಆದರೆ ಇದೇ ಲೆಕ್ಕದಲ್ಲಿ ಅಡ್ಡಸಾಲನ್ನು ಬಿಟ್ಟು ಮೂಲೆಯಿಂದ ಮೂಲೆಗೆ ಓದಬೇಕಾದ ಎರಡು ಅಂಕೆಗಳಿರುವುವು. ಅನಿಯಮಿತ ಜೀವನ ನಡೆಸಿ ತಪ್ಪದೆ ಗುಳಿಗೆ ನುಂಗಿದವರು ಸಾವಿರಕ್ಕೆ 21. ನಿಯಮಿತವಾಗಿ ಬಾಳಿ ಒಂದು ಗುಳಿಗೆಯನ್ನೂ ಮುಟ್ಟದವರು ಸಾವಿರಕ್ಕೆ 16. ಅಂದರೆ ಔಷಧವು ತನ್ನ ಶಕ್ತಿಯನ್ನೆಲ್ಲ ವ್ಯಯಮಾಡಿದ ಮೇಲೂ, ಯಾವ ಔಷಧವೂ ಇಲ್ಲದೆ ಬರಿಯ ನಡೆನುಡಿಯಿಂದ ಒಬ್ಬನು ನಿಂತಿರುವ ಸ್ಥಳಕ್ಕೆ ಮತ್ತೊಬ್ಬನನ್ನು ತಂದು ಮುಟ್ಟಿಸಲಾರದಾಯಿತು. ದುಶ್ಚಟಗಳಿರುವವರಲ್ಲಿ 78 ಜನರು 10 ವರ್ಷ ಗುಳಿಗೆ ಸೇವಿಸಿದರೆ ಒಬ್ಬನಿಗೆ ಕ್ಯಾನ್ಸರು ತಪ್ಪಬಹುದು. ಸದಾಚಾರಿಗಳಲ್ಲಿ ಒಬ್ಬನಿಗೆ ತಪ್ಪಬೇಕಾದರೆ 909 ಜನರು ಸೇವಿಸಬೇಕು. ಈ 909ರಲ್ಲಿ ಉಳಿದ 908 ಮಂದಿಯು ಹತ್ತು ವರ್ಷ ನುಂಗಿದ್ದು ಯಾತಕ್ಕೆ? ಅವರ ಪಾಲಿಗೆ ಬರುವುದು ಔಷಧದ ದೋಷ ಮಾತ್ರ.

ಇನ್ನೊಂದು ಮಾತು. ಈ ಸಂಶೋಧನೆಯಲ್ಲಿ ವೈದ್ಯರು ಯಾರಿಗೂ ಗುಳಿಗೆಯನ್ನು ಹಂಚಲಿಲ್ಲ. ತಮ್ಮಷ್ಟಕ್ಕೆ ತಾವು ಸೇವಿಸುತ್ತಿದ್ದವರನ್ನೂ ಸೇವಿಸದಿದ್ದವರನ್ನೂ ನೋಡಿ ಬರೆದುಕೊಂಡರು, ಅಷ್ಟೇ. ದಿನವೂ ಗುಳಿಗೆಯನ್ನು ತಪ್ಪದೆ ಸೇವಿಸುವ ಮನುಷ್ಯನು ವೈದ್ಯರನ್ನು ಕಾಣುವುದರಲ್ಲಿಯೂ ಪರೀಕ್ಷೆಗಳನ್ನು ಮಾಡಿಸಿಕೊಳ್ಳುವುದರಲ್ಲಿಯೂ ಇತರರಿಗಿಂತ ಭಿನ್ನನಾಗಿರಬಹುದು. ಇಂತಹ ಭೇದಗಳನ್ನು ಗಣಿತದಿಂದ ಎಷ್ಟು ಸರಿಪಡಿಸಿದರೂ ಪೂರ್ಣವಾಗಿ ತೊಡೆದುಹಾಕಲು ಬಾರದು. ಮೇಲಾಗಿ ಅವರೆಲ್ಲರೂ ವೈದ್ಯಕೀಯ ವೃತ್ತಿಗಳಿಗೆ ಸೇರಿದ ಸುಶಿಕ್ಷಿತರು, ಬಹುಪಾಲು ಬಿಳಿಯರು. ನಮ್ಮ ರೈತನಿಗಾಗಲಿ ಗಿರಣಿಯ ಕೆಲಸಗಾರನಿಗಾಗಲಿ ಅದೇ ಅಂಕೆಯು ಅನ್ವಯಿಸುವುದೆಂದು ಯಾರೂ ಪ್ರಮಾಣ ಮಾಡಿ ಹೇಳಲಾರರು.

ಹಾಗೆಂದು ಆಸ್ಪಿರಿನ್ನಿಗೂ ಕರುಳಿಗೂ ಇರುವ ಸಂಬಂಧವನ್ನು ಕಟ್ಟುಕಥೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. 1897ರಲ್ಲಿ ಜರ್ಮನಿಯ ಬಾಯರ್ ಕಂಪನಿಯಲ್ಲಿ ಸಿದ್ಧವಾಗಿ 1899ರಲ್ಲಿ ಈ ಹೆಸರನ್ನು ಪಡೆದ ಔಷಧವು ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆಂಬುದನ್ನು ಇಂಗ್ಲೆಂಡಿನ ಜಾನ್ ವೇನ್ ಅವರು 1971ರಲ್ಲಿ ತೋರಿಸಿಕೊಟ್ಟರು. ಉರಿಯೂತವನ್ನೆಬ್ಬಿಸುವ ಪ್ರೊಸ್ಟಗ್ಲಾಂಡಿನ್ ಎಂಬ ದ್ರವ್ಯಗಳ ಉತ್ಪತ್ತಿಯನ್ನೇ ಅದು ತಡೆಯುವುದೆಂದು. ಅವರಿಗೆ 1982ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. 1988ರಲ್ಲಿ ಆಸ್ಟ್ರೇಲಿಯದ ಮೆಲ್ಬೋರ್ನ್ ನಗರದಲ್ಲಿ ಕರುಳಿನ ಕ್ಯಾನ್ಸರಿನ ರೋಗಿಗಳನ್ನು, 'ಹಿಂದೆ ನೀವು ಯಾವ ಯಾವ ಔಷಧಗಳನ್ನು ತೆಗೆದುಕೊಳ್ಳುತ್ತಿದ್ದಿರಿ?' ಎಂದು ವಿಚಾರಿಸುತ್ತ ಹೋದಾಗ, ಆಸ್ಪಿರಿನ್ ಸೇವಿಸುತ್ತಿದ್ದವರು ಆ ರೋಗಿಗಳಲ್ಲಿ ವಿರಳರೆಂಬುದು ಅಕಸ್ಮಾತ್ತಾಗಿ ಹೊರಬಿದ್ದಿತು. ಅಂದಿನಿಂದ ಇಂದಿನವರೆಗೂ ಶೋಧನೆ ನಿಂತಿಲ್ಲ. ಅಮೆರಿಕೆಯಲ್ಲಿ 39,876 ಮಹಿಳೆಯರಿಗೆ ದಿನ ಬಿಟ್ಟು ದಿನ 100 ಮಿಲಿಗ್ರಾಮ್ ಆಸ್ಪಿರಿನ್ನನ್ನಾಗಲಿ ಅದರಂತೆಯೇ ಕಾಣುವ ಸಪ್ಪೆ ಗುಳಿಗೆಯನ್ನಾಗಲಿ ಚೀಟಿ ಎತ್ತಿದಂತೆ ಹಂಚಿ ನೋಡಿದರು. ಮೊದಲ ಹತ್ತು ವರ್ಷ ಕ್ಯಾನ್ಸರಿನ ವಿಷಯದಲ್ಲಿ ಯಾವ ಭೇದವೂ ಕಾಣಲಿಲ್ಲ. ಸುಮಾರು 18 ವರ್ಷಗಳ ಲೆಕ್ಕ ಕೈಗೆ ಬಂದ ಬಳಿಕ ಆಸ್ಪಿರಿನ್ ಪಡೆದವರಲ್ಲಿ ಕರುಳಿನ ಕ್ಯಾನ್ಸರು ಐದರಲ್ಲೊಂದು ಪಾಲಿನಷ್ಟು ಕಡಮೆಯಾಗಿದ್ದಿತು. ಹೊಟ್ಟೆ ಕರುಳುಗಳ ರಕ್ತಸ್ರಾವವು ಮಾತ್ರ ಹೆಚ್ಚಾಗಿದ್ದಿತು. ಕರುಳಿನ ಒಳಪೊರೆಯ ಮೇಲೆ ಸಣ್ಣ ಗಂಟೊಂದು ಹುಟ್ಟಿ ಅದು ಕ್ಯಾನ್ಸರಾಗಿ ತಿರುಗುವುದಕ್ಕೆ ಅನೇಕ ವೇಳೆ ಹತ್ತು ವರ್ಷಗಳೋ ಅದಕ್ಕೂ ಹೆಚ್ಚು ಕಾಲವೋ ಹಿಡಿಯುವುದಾದ್ದರಿಂದ ಈ ವಿಳಂಬವು ಆಶ್ಚರ್ಯವಲ್ಲ. ರಕ್ತಸ್ರಾವಕ್ಕೆ ಅಂತಹ ವಿಳಂಬವಿಲ್ಲ. ಲಾಭವು ಹತ್ತು ವರ್ಷದ ಸಾಲ, ನಷ್ಟವು ಕೈಮೇಲಿನ ನಗದು.

ಈ ವ್ಯವಹಾರದಲ್ಲಿ ಅಮೆರಿಕೆಯ ಸಲಹಾಮಂಡಲಿಯೇ ಹಿಂದೆ ಸರಿದಿರುವುದನ್ನು ವಾಚಕರು ಗಮನಿಸತಕ್ಕದ್ದು. ರೋಗಪ್ರತಿಬಂಧಕ ಸೇವೆಗಳನ್ನು ಕುರಿತು ಸಲಹೆ ಕೊಡುವ ಆ ಮಂಡಲಿಯು 2016ರಲ್ಲಿ 50ರಿಂದ 59 ವರ್ಷದೊಳಗಿನ, ಹೃದ್ರೋಗದ ಭಯ ಹೆಚ್ಚಾಗಿದ್ದು ರಕ್ತಸ್ರಾವದ ಭಯವಿಲ್ಲದ ಜನರಿಗೆ ಕಡಮೆ ಪ್ರಮಾಣದ ಆಸ್ಪಿರಿನ್ನು ಹೃದಯಕ್ಕೂ ಕರುಳಿಗೂ ಹಿತವೆಂದು ಹೇಳಿತ್ತು. 2022ರಲ್ಲಿ ಕರುಳಿನ ವಿಷಯದ ಸಾಕ್ಷ್ಯವು ಸಾಲದೆಂದು ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿತು. 60 ವರ್ಷ ದಾಟಿದವರು ಹೃದ್ರೋಗವನ್ನು ಮುಂಗಡವಾಗಿ ತಡೆಯುವ ಸಲುವಾಗಿ ಹೊಸದಾಗಿ ಗುಳಿಗೆ ಆರಂಭಿಸಕೂಡದೆಂದೂ ಹೇಳಿತು. ನಡುವೆ ಬಂದದ್ದು 2018ರಲ್ಲಿ ಪ್ರಕಟವಾದ ಮತ್ತೊಂದು ಪರೀಕ್ಷೆಯ ಫಲ. ಆಸ್ಟ್ರೇಲಿಯ ಮತ್ತು ಅಮೆರಿಕೆಗಳ 19,114 ಮಂದಿ ವೃದ್ಧರಿಗೆ ಐದು ವರ್ಷಗಳ ಸಮೀಪ ಆಸ್ಪಿರಿನ್ನನ್ನೋ ಸಪ್ಪೆ ಗುಳಿಗೆಯನ್ನೋ ಕೊಟ್ಟು ನೋಡಿದರಷ್ಟೆ. ಪ್ರಾಣಕ್ಕೆ ಸಂಚಕಾರ ತರುವಂತಹ ರಕ್ತಸ್ರಾವವು ವರ್ಷಕ್ಕೆ ಸಾವಿರ ಜನರಲ್ಲಿ 6.2ರಿಂದ 8.6ಕ್ಕೆ ಏರಿತು. ಕ್ಯಾನ್ಸರಿನಿಂದ ಸತ್ತವರು ಆಸ್ಪಿರಿನ್ ಪಡೆದವರಲ್ಲಿಯೇ ಹೆಚ್ಚಾಗಿದ್ದರು! ಪರೀಕ್ಷಕರಿಗೇ ಇದು ಅನಿರೀಕ್ಷಿತವಾಗಿದ್ದಿತು. ಎಳೆಯ ವಯಸ್ಸಿನಲ್ಲಿ ಹಿತವಾದದ್ದು ಇಳಿವಯಸ್ಸಿನಲ್ಲಿ ಅಹಿತವಾಗುವ ದೃಷ್ಟಾಂತಗಳು ವೈದ್ಯದಲ್ಲಿ ಹೊಸವಲ್ಲ.

ಅಮೆರಿಕೆಯ ಅಂಕೆಗಳಲ್ಲಿ ಎಲ್ಲಿಯೂ ಕಾಣದ ಒಂದು ಅಪಾಯವು ನಮ್ಮ ನಾಡಿನಲ್ಲಿದೆ. ಬಾಸ್ಟನ್ನಿನ ಸಮಾಚಾರವು ಹೊರಟ 2024ರ ಮಳೆಗಾಲದಲ್ಲಿಯೇ ಕರ್ನಾಟಕದಲ್ಲಿ ಡೆಂಗಿ ಜ್ವರವು ಮನೆ ಮನೆಯನ್ನು ಹೊಕ್ಕು, ಸೆಪ್ಟೆಂಬರಿನಲ್ಲಿ ಸರಕಾರವು ಅದನ್ನು ಸಾಂಕ್ರಾಮಿಕ ರೋಗವೆಂದು ಸಾರಬೇಕಾಯಿತು. ಡೆಂಗಿಯಲ್ಲಿ ರಕ್ತವನ್ನು ಹೆಪ್ಪುಗಟ್ಟಿಸುವ ಬಿಂಬಾಣುಗಳು, ಎಂದರೆ ಜನರು ಪ್ಲೇಟ್‌ಲೆಟ್ ಎಂದು ಕರೆಯುವ ಕಣಗಳು, ಕುಸಿಯುವುವು. ಆಸ್ಪಿರಿನ್ನಾದರೋ ಉಳಿದ ಬಿಂಬಾಣುಗಳ ಅಂಟುವ ಗುಣವನ್ನೇ ಕುಂದಿಸುವುದು. ಒಮ್ಮೆ ಸೇವಿಸಿದ ಗುಳಿಗೆಯ ಈ ಪ್ರಭಾವವು ಆ ಕಣಗಳ ಆಯುಸ್ಸು ತೀರುವವರೆಗೆ, ಅಂದರೆ ಒಂದು ವಾರಕ್ಕೂ ಮೇಲ್ಪಟ್ಟು, ನಿಲ್ಲುವುದು. ಆದಕಾರಣ ಡೆಂಗಿಯ ಸಂದೇಹವಿರುವ ಜ್ವರದಲ್ಲಿ ಆಸ್ಪಿರಿನ್ನನ್ನು ಮುಟ್ಟಕೂಡದೆಂಬುದು ವೈದ್ಯರ ಸರ್ವಸಮ್ಮತವಾದ ನಿಯಮ. ಕರುಳಿಗೆ ಒಳ್ಳೆಯದೆಂದು ತನ್ನಷ್ಟಕ್ಕೆ ತಾನೇ ದಿನವೂ ಗುಳಿಗೆ ನುಂಗುತ್ತಿರುವವನು ಜ್ವರ ಬಂದ ದಿನ ಅದನ್ನು ವೈದ್ಯನಿಗೆ ಹೇಳುವನೇ? ಅದು ಔಷಧವೆಂಬ ಭಾವನೆಯೇ ಅವನಿಗೆ ಇರುವುದಿಲ್ಲ. ಹೃದಯಾಘಾತವೋ ಪಾರ್ಶ್ವವಾಯುವೋ ಆಗಿ ವೈದ್ಯರ ಅಪ್ಪಣೆಯಂತೆ ಸೇವಿಸುತ್ತಿರುವವರ ಮಾತು ಬೇರೆ; ಅವರು ಈ ಲೇಖನವನ್ನು ಓದಿ ಗುಳಿಗೆಯನ್ನು ನಿಲ್ಲಿಸಿದರೆ ಅದು ದೊಡ್ಡ ಅನರ್ಥ. ಅವರು ಜ್ವರ ಬಂದೊಡನೆ ವೈದ್ಯರನ್ನು ಕೇಳಬೇಕು, ಅಷ್ಟೇ.

ಹಾಗಾದರೆ ಕರುಳಿನ ಸಲುವಾಗಿ ಆಸ್ಪಿರಿನ್ನು ಯಾರಿಗೆ ಬೇಕು? ನಿರ್ದಿಷ್ಟವಾಗಿ ಹೇಳಬಹುದಾದವರು ಇಬ್ಬರು. ಲಿಂಚ್ ಲಕ್ಷಣವೆಂಬ ವಂಶಪಾರಂಪರ್ಯದ ದೋಷವಿರುವ ಕುಟುಂಬಗಳಿರುವುವು. ಅವುಗಳಲ್ಲಿ ತಂದೆ, ಮಗ, ಸೋದರಿ ಹೀಗೆ ಒಬ್ಬರ ಹಿಂದೊಬ್ಬರು ಎಳೆಯ ವಯಸ್ಸಿನಲ್ಲಿಯೇ ಈ ರೋಗಕ್ಕೆ ತುತ್ತಾಗುವರು. ಇಂಗ್ಲೆಂಡಿನ ಜಾನ್ ಬರ್ನ್ ಅವರೂ ಅವರ ಸಹಕಾರಿಗಳೂ ಇಂತಹ 861 ಮಂದಿಯಲ್ಲಿ ನಡೆಸಿದ ಪರೀಕ್ಷೆಯಿಂದ ಆಸ್ಪಿರಿನ್ನಿನ ಉಪಯೋಗವು ಸಿದ್ಧವಾಗಿ, 2020ರಲ್ಲಿ ಬ್ರಿಟನ್ನಿನ ಆರೋಗ್ಯ ಸಂಸ್ಥೆಯು ಅಂತಹವರಿಗೆ ಅದನ್ನು ಸಲಹೆಮಾಡಿತು. ಎರಡನೆಯವರು ಆಗಲೇ ಕರುಳಿನ ಕ್ಯಾನ್ಸರಿಗೆ ಶಸ್ತ್ರಕ್ರಿಯೆಯಾದ, ಅವರ ಗಡ್ಡೆಯಲ್ಲಿ ಒಂದು ಗೊತ್ತಾದ ಜೀನಿನ ಬದಲಾವಣೆ ಕಂಡುಬಂದ ರೋಗಿಗಳು. 2025ರಲ್ಲಿ ಸ್ವೀಡನ್ನಿನ ವೈದ್ಯರ ಮುಂದಾಳುತನದಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅಂತಹವರು ಮೂರು ವರ್ಷ ದಿನಕ್ಕೆ 160 ಮಿಲಿಗ್ರಾಮ್ ಸೇವಿಸಿದ್ದರಿಂದ ರೋಗವು ಮರುಕಳಿಸುವುದು ಸುಮಾರು ಅರ್ಧಕ್ಕೆ ಇಳಿಯಿತು. ಈ ಎರಡು ಕಡೆಯೂ ಯಾರಿಗೆ ಕೊಡಬೇಕೆಂಬುದನ್ನು ಪರೀಕ್ಷೆಯಿಂದ ತಿಳಿದು, ವೈದ್ಯನ ಕಣ್ಣೆದುರಿನಲ್ಲಿ ಕೊಟ್ಟದ್ದು. ಬಡವನ ಕೈಗೆಟಕುವ ಬೆಲೆಯ ಔಷಧವೊಂದು ಇಂತಹ ರೋಗಕ್ಕೆ ಉಪಯೋಗವಾಗುವುದು ನಿಜವಾಗಿಯೂ ಸಂತೋಷದ ಸಂಗತಿ. ನಮ್ಮ ಆಸ್ಪತ್ರೆಗಳಲ್ಲಿ ಶಸ್ತ್ರಕ್ರಿಯೆಯಾದವರಿಗೆ ಆ ಜೀನಿನ ಪರೀಕ್ಷೆಯ ಖರ್ಚನ್ನು ಯಾರು ಕೊಡುವರೆಂಬುದೇ ಮುಂದಿನ ಪ್ರಶ್ನೆ. ಗುಳಿಗೆಗಿಂತ ಪರೀಕ್ಷೆಯು ಎಷ್ಟೋ ಪಾಲು ತುಟ್ಟಿ.

ಇನ್ನು ಆ ಐದು ವಿಷಯಗಳಿಗೆ ಬರುವ. ಈ ರೋಗವು ಪಾಶ್ಚಾತ್ಯರದು, ನಮ್ಮದಲ್ಲವೆಂದು ಬಹುಕಾಲ ಭಾವಿಸಲಾಗಿತ್ತು. ಜನಸಂಖ್ಯೆಗೆ ಹೋಲಿಸಿದರೆ ಇಂದಿಗೂ ಭಾರತದಲ್ಲಿ ಅದು ಯೂರೋಪು ಅಮೆರಿಕೆಗಳಿಗಿಂತ ಎಷ್ಟೋ ಕಡಮೆಯೆಂಬುದು ನಿಜ. ಆದರೂ 2022ರ ಅಂದಾಜಿನಂತೆ ವರ್ಷಕ್ಕೆ 60 ಸಾವಿರಕ್ಕೆ ಮಿಕ್ಕಿ ಭಾರತೀಯರು ಹೊಸದಾಗಿ ಇದಕ್ಕೆ ಗುರಿಯಾಗುತ್ತಿದ್ದರು. ರಕ್ತಗುಣವೇ ನಮ್ಮನ್ನು ಕಾಪಾಡುತ್ತಿದೆಯೆಂದು ನಂಬುವವರು ಜಪಾನೀಯರ ಕಥೆಯನ್ನು ಕೇಳಬೇಕು. ತಮ್ಮ ದೇಶದಲ್ಲಿ ಈ ರೋಗವನ್ನು ಅಪರೂಪವಾಗಿ ಕಂಡಿದ್ದ ಆ ಜನರು ಹವಾಯಿಗೂ ಅಮೆರಿಕೆಗೂ ವಲಸೆ ಹೋದ ಮೇಲೆ ಒಂದೆರಡು ತಲೆಮಾರುಗಳೊಳಗೆ ಅಲ್ಲಿನವರಷ್ಟೇ ರೋಗಿಗಳಾದರು. ಹಡಗು ಹತ್ತಿದಾಗ ಅವರ ರಕ್ತವೇನೂ ಬದಲಾಗಲಿಲ್ಲ. ಬದಲಾದದ್ದು ಊಟ, ದುಡಿಮೆ, ದಿನಚರಿ. ನಾವು ಹಡಗನ್ನೂ ಹತ್ತದೆ ಮನೆಯಲ್ಲಿ ಕುಳಿತೇ ವಲಸೆ ಹೋಗುತ್ತಿದ್ದೇವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕ ಸ್ತ್ರೀಪುರುಷರಲ್ಲಿ ಹತ್ತರಲ್ಲಿ ಮೂವರ ತೂಕವು ಮಿತಿ ಮೀರಿದ್ದಿತು. ತೌಡು ಸಹಿತವಾದ ರಾಗಿ ಜೋಳಗಳ ಊಟ, ಸೊಪ್ಪು ಕಾಳುಗಳ ಸಾರು, ಹೊಲಗದ್ದೆಗಳ ದುಡಿಮೆ, ಇವುಗಳಲ್ಲಿ ಕರುಳಿಗೆ ಹಿತವೆಂದು ಇಂದಿನ ಶಾಸ್ತ್ರವು ಹೇಳುವ ನಾರೂ ಶ್ರಮವೂ ತಾವಾಗಿಯೇ ಕೂಡಿದ್ದವು. (ರಾಗಿಯ ಹೆಸರನ್ನು ಹೊತ್ತು ಮೈದಾ ಸಕ್ಕರೆಗಳಿಂದ ತುಂಬಿದ ಬಿಸ್ಕೀಟುಗಳನ್ನು ನಾವು ಈ ಲೆಕ್ಕಕ್ಕೆ ಸೇರಿಸಿಲ್ಲ.) ಹಿಂದಿನದೆಲ್ಲ ಚಿನ್ನವೆಂದು ಹೇಳುವುದು ನಮ್ಮ ಅಭಿಪ್ರಾಯವಲ್ಲ; ಹೊಗೆಸೊಪ್ಪನ್ನೂ ಹೆಂಡವನ್ನೂ ನಮ್ಮ ಹಿರಿಯರೂ ಬಲ್ಲವರೇ ಆಗಿದ್ದರು.

ಹೆಂಡದ ಮಾತು ಬಂದುದರಿಂದ ಒಂದು ಸಂಗತಿಯನ್ನು ನುಂಗಿಕೊಂಡು ಹೋಗಲು ಮನಸ್ಸೊಪ್ಪುವುದಿಲ್ಲ. ಮದ್ಯವು ಕರುಳಿನ ಕ್ಯಾನ್ಸರಿಗೆ ಕಾರಣವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಶಾಖೆಯು ಸ್ಥಿರಪಡಿಸಿರುವ ವಿಷಯ. ಕರ್ನಾಟಕ ಸರಕಾರದ ಬೊಕ್ಕಸಕ್ಕೆ 2023-24ರಲ್ಲಿ ಅಬಕಾರಿಯಿಂದ ಬಂದ ಹುಟ್ಟುವಳಿಯು 30 ಸಾವಿರ ಕೋಟಿ ರೂಪಾಯಿಗಳನ್ನು ಮೀರಿತ್ತು. ಒಂದು ಇಲಾಖೆಯು ಕುಡಿಯಬೇಡಿರೆಂದು ಗೋಡೆಯ ಮೇಲೆ ಬರೆಯಿಸುವುದು. ಮತ್ತೊಂದು ಇಲಾಖೆಯು ಈ ವರ್ಷ ಇಷ್ಟು ಹುಟ್ಟುವಳಿ ಬರಲೇಬೇಕೆಂದು ಗುರಿಯಿಡುವುದು. ಪ್ರಜೆಗಳ ಜೀವನಕ್ರಮವನ್ನು ಕುರಿತು ಉಪದೇಶ ಮಾಡುವ ಮೊದಲು ಸರಕಾರವು ತನ್ನ ಜೀವನಕ್ರಮವನ್ನು ನೋಡಿಕೊಳ್ಳಬಾರದೇಕೆ? ಆ ಆದಾಯದ ಒಂದು ಅಲ್ಪಾಂಶವನ್ನಾದರೂ ಅದೇ ಮದ್ಯವು ಹುಟ್ಟಿಸುವ ರೋಗಗಳ ಪತ್ತೆಗೆಂದು ಕಟ್ಟಿಟ್ಟರೆ, ಅದು ದಾನವಾಗದು, ಋಣಸಂದಾಯವಾದೀತು.

ಪತ್ತೆಯ ವಿಷಯವೇ ಇಲ್ಲಿ ಎಲ್ಲಕ್ಕಿಂತಲೂ ಶೋಚನೀಯವಾದದ್ದು. ಮಲದಲ್ಲಿ ರಕ್ತ ಕಂಡರೆ ನಮ್ಮ ಜನರ ಬಾಯಲ್ಲಿ ಬರುವ ಮೊದಲ ಹೆಸರು ಮೂಲವ್ಯಾಧಿ. ಅನೇಕ ವೇಳೆ ಅದು ಮೂಲವ್ಯಾಧಿಯೇ ಆಗಿರುವುದೂ ಉಂಟು. ಆದರೆ ಅದಲ್ಲದಿರುವಾಗಲೂ ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದ ಜಾಹೀರಾತನ್ನು ನಂಬಿ, ನಾಚಿಕೆಯಿಂದ ಹೆಂಡತಿ ಮಕ್ಕಳಿಗೂ ಹೇಳದೆ, ಲೇಪಗಳಲ್ಲಿಯೂ ಪಥ್ಯಗಳಲ್ಲಿಯೂ ತಿಂಗಳುಗಳನ್ನು ಕಳೆದು, ಕರುಳು ಕಟ್ಟಿಕೊಂಡು ಹೊಟ್ಟೆ ಉಬ್ಬಿದ ಬಳಿಕ ದೊಡ್ಡ ಆಸ್ಪತ್ರೆಗೆ ಬರುವವರು ಎಷ್ಟು ಮಂದಿಯೋ! ಮೇಲಾಗಿ ನಮ್ಮ ದೇಶದ ಆಸ್ಪತ್ರೆಗಳ ದಾಖಲೆಗಳಲ್ಲಿ 50 ವರ್ಷ ತುಂಬದ ರೋಗಿಗಳ ಪಾಲು ಪಾಶ್ಚಾತ್ಯ ದೇಶಗಳಲ್ಲಿರುವುದಕ್ಕಿಂತ ಹೆಚ್ಚು. ಪ್ರಾಯದವನಿಗೆ ಕ್ಯಾನ್ಸರೆಲ್ಲಿಯದು ಎಂದು ರೋಗಿಯೂ ಉದಾಸೀನನಾಗುವನು, ಕೆಲವು ವೇಳೆ ವೈದ್ಯನೂ ಉದಾಸೀನನಾಗುವನು. ಕರುಳಿನೊಳಕ್ಕೆ ನಳಿಕೆಯಿಳಿಸಿ ನೋಡುವ ಪರೀಕ್ಷೆಯಲ್ಲಿ ಗಂಟು ಸಣ್ಣದಾಗಿದ್ದಾಗಲೇ ಸಿಕ್ಕರೆ ಅಲ್ಲಿಯೇ ಕತ್ತರಿಸಿ ತೆಗೆಯಬಹುದು. ಕ್ಯಾನ್ಸರು ಹುಟ್ಟುವ ಮೊದಲೇ ಅದರ ಬೇರು ಹೋಯಿತು. ಯಾವ ಗುಳಿಗೆಯೂ ಇಷ್ಟನ್ನು ಮಾಡಲಾರದು.

ಇಂಗ್ಲೆಂಡಿನಲ್ಲಿ 50 ವರ್ಷ ತುಂಬಿದವರಿಗೆ ಎರಡು ವರ್ಷಕ್ಕೊಮ್ಮೆ ಮಲಪರೀಕ್ಷೆಯ ಪುಟ್ಟ ಕೊಳವೆಯು ಅಂಚೆಯಲ್ಲಿಯೇ ಮನೆಗೆ ಬರುವುದು. ಕಣ್ಣಿಗೆ ಕಾಣದ ರಕ್ತವಿದ್ದರೂ ಅದರಿಂದ ಗೊತ್ತಾಗುವುದು. ಭಾರತದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 30 ವರ್ಷ ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳು ಈ ಮೂರರ ಕ್ಯಾನ್ಸರುಗಳ ತಪಾಸಣೆಗೆ ಏರ್ಪಾಡಿದೆ. ಕರುಳು ಆ ಪಟ್ಟಿಯಲ್ಲಿಲ್ಲ. ರೋಗವು ವಿರಳವಾಗಿರುವ ದೇಶದಲ್ಲಿ ಪ್ರತಿಯೊಬ್ಬ ಪ್ರಜೆಗೂ ಇಂಗ್ಲೆಂಡಿನ ಕ್ರಮವನ್ನು ಅನುಸರಿಸಬೇಕೆಂದು ನಾವು ಕೇಳುವುದಿಲ್ಲ. ಹಣವೂ ಸಾಲದು, ರಕ್ತವಿದೆಯೆಂದು ತಿಳಿದವರೆಲ್ಲರಿಗೂ ನಳಿಕೆಯ ಪರೀಕ್ಷೆ ಮಾಡುವ ಕೈಗಳೂ ಸಾಲವು. ಆದರೆ ತಂದೆ ತಾಯಿ ಒಡಹುಟ್ಟಿದವರಲ್ಲಿ ಈ ರೋಗವನ್ನು ಕಂಡವರು, ಮಲವಿಸರ್ಜನೆಯ ಕ್ರಮವು ವಾರಗಟ್ಟಲೆ ಕೆಟ್ಟಿರುವವರು, ಕಾರಣವಿಲ್ಲದೆ ತೂಕವೋ ರಕ್ತವೋ ಕುಂದುತ್ತಿರುವವರು, ಇವರನ್ನಾದರೂ ಗುರುತಿಸಿ ಪರೀಕ್ಷಿಸುವುದು ನಮ್ಮ ಶಕ್ತಿಗೆ ಮೀರಿದ್ದಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ನಗರದ ಕ್ಯಾನ್ಸರ್ ರೋಗಿಗಳ ಲೆಕ್ಕವನ್ನು ಇಡುತ್ತ ಬಂದಿದ್ದಾರೆ. ಲೆಕ್ಕವಿಡುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ.

2024ರಲ್ಲಿ ಕೋಲಾರ ಜಿಲ್ಲೆಯಿಂದ ಮೊದಲಾದ 'ಗೃಹ ಆರೋಗ್ಯ' ಯೋಜನೆಯಲ್ಲಿ ಸರಕಾರದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ನೋಡುವ ಪದ್ಧತಿಯು ಆರಂಭವಾಯಿತು. ಬಾಗಿಲಲ್ಲಿ ನಿಂತ ಆ ಕಾರ್ಯಕರ್ತೆಯು ಇನ್ನೆರಡು ಪ್ರಶ್ನೆಗಳನ್ನು ಕೇಳುವುದಕ್ಕೆ ಯಾವ ಹೊಸ ಕಾಯಿದೆಯೂ ಬೇಕಾಗಿಲ್ಲ: ಮಲದಲ್ಲಿ ರಕ್ತ ಕಂಡಿದ್ದೀರಾ? ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರು ಆಗಿತ್ತೆ? ಹೌದೆಂದವರಿಗೆ ಮಲಪರೀಕ್ಷೆಯ ಕೊಳವೆಯು ಅವಳ ಚೀಲದಲ್ಲಿಯೇ ಇರಲಿ. ಮುಂದಿನ ಪರೀಕ್ಷೆಯು ಜಿಲ್ಲಾ ಆಸ್ಪತ್ರೆಯಲ್ಲಿ ಗೊತ್ತಾದ ದಿನದಂದು ಪುಕ್ಕಟೆಯಾಗಿ ನಡೆಯುವಂತೆ ನಳಿಕೆಯ ಯಂತ್ರವನ್ನೂ ಅದನ್ನು ನಡೆಸಬಲ್ಲ ವೈದ್ಯನನ್ನೂ ಒದಗಿಸುವ ಹೊಣೆಯು ಆರೋಗ್ಯ ಸಚಿವರದು. ಅವಳು ಇನ್ನೂ ಒಂದು ಮಾತನ್ನು ಕೇಳಬಹುದು: ವೈದ್ಯರ ಚೀಟಿಯಿಲ್ಲದೆ ದಿನವೂ ಆಸ್ಪಿರಿನ್ ನುಂಗುತ್ತಿರುವವರು ಈ ಮನೆಯಲ್ಲಿ ಯಾರಾದರೂ ಇದ್ದಾರೆಯೇ ಎಂದು.